ಕೇಬಲ್ ಎಳೆಯುವ ಕೈಗೆ ನೆಟ್‌ವರ್ಕ್ ಪಾಠ

ದುಬೈ: ಐಟಿಐ ಮುಗಿಸಿ ಎಲೆಕ್ಟ್ರಿಷಿಯನ್ ವೀಸಾದಲ್ಲಿ ಬಂದವರು ನಾವು. ಇಲ್ಲಿನ ಎಷ್ಟೋ ಕಚೇರಿಗಳಿಗೆ ನೆಟ್‌ವರ್ಕ್ ಕೇಬಲ್ ಎಳೆದಿದ್ದೇವೆ. ಎಂಟು ತಂತಿಗಳ ಬಣ್ಣದ ಕ್ರಮ, 100 ಮೀಟರ್ ದಾಟಬಾರದೆಂಬ ಮಿತಿ ಬಾಯಿಪಾಠ. ಆದರೆ ಕೇಬಲ್ ತುದಿಯ ಸ್ವಿಚ್ ಮುಟ್ಟುವವರು ಐಟಿಯವರು. ಅವರು ಬಂದರೆ ನಾವು ಏಣಿ ಎತ್ತಿಕೊಂಡು ಹೊರಡಬೇಕು.

ಅದನ್ನೂ ಕಲಿಯೋಣವೆಂದು ರೂಮಿನ ನಾಲ್ವರು ರಾತ್ರಿ ಊಟವಾದ ಮೇಲೆ ಓದಲು ಕುಳಿತೆವು. ಸಿಸ್ಕೊ ಕಂಪನಿಯ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಉಚಿತ. ರೂಟರ್, ಸ್ವಿಚ್ ಕೊಳ್ಳದೆ ಲ್ಯಾಪ್‌ಟಾಪಿನಲ್ಲೇ ನೆಟ್‌ವರ್ಕ್ ಕಟ್ಟಿ ಕಲಿಯಬಹುದು. ಸಿಸಿಎನ್‌ಎಗೆ ಪದವಿಯ ಷರತ್ತಿಲ್ಲ. ಎರಡು ಗಂಟೆಯ ಒಂದೇ ಪರೀಕ್ಷೆ, ಪ್ರಮಾಣಪತ್ರಕ್ಕೆ 3 ವರ್ಷ ಮಾನ್ಯತೆ. ನಮಗೆ ಕಷ್ಟವಾದದ್ದು ಇಂಗ್ಲಿಷ್ ಪ್ರಶ್ನೆಗಳನ್ನು ವೇಗವಾಗಿ ಓದುವುದು.

ನಮ್ಮಲ್ಲೊಬ್ಬರು ಪಾಸಾಗಿ ಹೆಲ್ಪ್‌ಡೆಸ್ಕ್ ಸೇರಿದರು. ಸಂಬಳ ಹಿಂದಿನಷ್ಟೇ, ಓವರ್‌ಟೈಮ್ ಇಲ್ಲ. ಊರಿಗೆ ಕಳಿಸುವ ಹಣ ಇಳಿಯಿತು. ‘ಒಳ್ಳೆಯ ಕೆಲಸ ಸಿಕ್ಕಿತು ಅಂದೆ, ದುಡ್ಡು ಯಾಕೆ ಕಮ್ಮಿ?’ ಎಂದು ಅಮ್ಮ ಕೇಳಿದಾಗ ಅವರಿಗೆ ಉತ್ತರ ತೋಚಲಿಲ್ಲ.

ಅದಕ್ಕೇ ಮನೆಯವರಲ್ಲಿ ನಮ್ಮ ವಿನಂತಿ. ಪ್ರಮಾಣಪತ್ರ ಬಂದ ಮಾತ್ರಕ್ಕೆ ವೀಸಾ ಬದಲಾಗದು. ಹೊಸ ಕಂಪನಿಯ ವರ್ಕ್ ಪರ್ಮಿಟ್ ಆಗುವ ಮುನ್ನ ಅಲ್ಲಿ ದುಡಿಯುವುದು ಕಾನೂನುಬಾಹಿರ. ‘ಐಟಿ ಕೆಲಸ ಗ್ಯಾರಂಟಿ’ ಎನ್ನುವವರಿಗೆ ಒಡವೆ ಅಡವಿಟ್ಟು ಹಣ ಕೊಡಬೇಡಿ. ಕೆಲಸ ಬದಲಿಸುವ ಮೊದಲೇ ಮನೆಯ ಸಾಲ, ಮಕ್ಕಳ ಫೀಸಿನ ಲೆಕ್ಕವನ್ನು ಕೂತು ಮಾತಾಡಿ. ಉಳಿದ ಮೂವರು ಈಗ ಆ ಲೆಕ್ಕ ಹಾಕುತ್ತಲೇ ಓದುತ್ತಿದ್ದೇವೆ.