ಬೇರಿಗೆ ‘ಕೆಳಗೆ’ ಯಾವ ಕಡೆ ಅಂತ ಹೇಗೆ ಗೊತ್ತು?

2025ರಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ಮೆಂತ್ಯ, ಹೆಸರುಕಾಳು ಮೊಳಕೆ ಬರಿಸಿದರಲ್ಲ, ಆ ಪ್ರಯೋಗ ರೂಪಿಸಿದ್ದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು. ಅದೇ ಮೆಂತ್ಯದಿಂದ ಶಾಲೆಯಲ್ಲೂ ಒಳ್ಳೇ ವಿಜ್ಞಾನ ಕಲಿಸಬಹುದು.

ಹಳೇ ಸಿಡಿ ಡಬ್ಬಿಯಲ್ಲಿ ಒದ್ದೆ ಹತ್ತಿ ಹಾಸಿ. ರಾತ್ರಿ ನೆನೆಸಿದ ನಾಲ್ಕೈದು ಮೆಂತ್ಯಕಾಳು ಇಟ್ಟು ಮುಚ್ಚಿ, ನೆಟ್ಟಗೆ ನಿಲ್ಲಿಸಿ. ಬೇರು ಉಗುರುದ್ದ ಇಳಿದ ಮೇಲೆ, ಅದು ಅಡ್ಡಲಾಗುವ ಹಾಗೆ ಡಬ್ಬಿಯನ್ನು ಪಕ್ಕಕ್ಕೆ ಹೊರಳಿಸಿ ನಿಲ್ಲಿಸಿ. ಎದುರಿಗೆ ಮೊಬೈಲ್ ಇಟ್ಟು ಟೈಮ್‌ಲ್ಯಾಪ್ಸ್ ಆನ್ ಮಾಡಿ. ಕೆಲವೇ ಗಂಟೆಗಳಲ್ಲಿ ಬೇರಿನ ತುದಿ ಮತ್ತೆ ನೆಲದ ಕಡೆ ಬಾಗುತ್ತೆ!

ಹೇಗೆ? ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಕಣಗಳಿವೆ. ಅವು ಭಾರಕ್ಕೆ ತಳ ಸೇರುತ್ತವೆ. ಆಗ ಆಕ್ಸಿನ್ ಅನ್ನೋ ಹಾರ್ಮೋನು ಬೇರಿನ ಕೆಳಬದಿಗೆ ಹೆಚ್ಚಾಗಿ ಹರಿದು, ಅಲ್ಲಿ ಬೆಳವಣಿಗೆ ನಿಧಾನವಾಗುತ್ತೆ. ಮೇಲುಬದಿ ಬೇಗ ಉದ್ದವಾಗಿ ಬೇರು ಬಾಗುತ್ತೆ.

ನನಗೆ ತುಂಬಾ ಇಷ್ಟವಾದ ಭಾಗ ಇನ್ನೂ ಮುಂದಿದೆ. ಇನ್ನೊಂದು ಡಬ್ಬಿಯನ್ನು, ಗಾಲಿಯ ಹಾಗೆ ನಿಮಿಷಕ್ಕೆ ಒಂದೆರಡು ಸುತ್ತು ತಿರುಗೋ ಸಣ್ಣ ಮೋಟಾರಿಗೆ ಕಟ್ಟಿ. ಗುರುತ್ವ ಎಲ್ಲೂ ಹೋಗಲ್ಲ, ಆದರೆ ಬೇರಿನ ಪಾಲಿಗೆ ‘ಕೆಳಗೆ’ ಅನ್ನೋ ದಿಕ್ಕು ಒಂದೇ ಕಡೆ ನಿಲ್ಲಲ್ಲ. ಹೀಗೆ ತಿರುಗಿಸೋ ಸಾಧನವೇ ಕ್ಲಿನೋಸ್ಟಾಟ್. ಮೋಟಾರು, ಬ್ಯಾಟರಿ, ವೇಗದ ಲೆಕ್ಕ, ಫೋಟೋದಲ್ಲಿ ಕೋನ ಅಳೆಯೋದು, ಎಲ್ಲ ಮಕ್ಕಳೇ ಮಾಡಲಿ.

ಮೇಷ್ಟ್ರೇ, ಟೀಚರೇ, ಒಂದು ವಿನಂತಿ. ಉತ್ತರ ಮೊದಲೇ ಹೇಳಬೇಡಿ. ತಿರುಗೋ ಡಬ್ಬಿಯ ಬೇರು ಯಾವ ಕಡೆ ಹೋಗುತ್ತೆ ಅಂತ ಪ್ರತಿ ಮಗುವೂ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಲಿ, ಆಮೇಲೆ ಮೋಟಾರು ಆನ್ ಮಾಡಿ.