ಆಕ್ಷೇಪಕ್ಕೂ ಜಾಗವಿದ್ದ ಸಭೆ

1947ರ ಏಪ್ರಿಲ್. ಪಂಜಾಬಿನ ಕೋಮುಗಲಭೆಗಳ ಸುದ್ದಿಯಿಂದ ದೆಹಲಿಯೂ ಕುದಿಯುತ್ತಿತ್ತು. ಅಲ್ಲಿನ ಪೌರಕಾರ್ಮಿಕರ ಬಡಾವಣೆಯಲ್ಲಿ ಗಾಂಧೀಜಿ ಪ್ರತಿ ಸಂಜೆ ಪ್ರಾರ್ಥನಾ ಸಭೆ ನಡೆಸುತ್ತಿದ್ದರು. ಗೀತೆಯ ಶ್ಲೋಕ, ಭಜನೆಗಳ ಜೊತೆಗೆ ಕುರಾನಿನ ವಚನಗಳನ್ನೂ ಅಲ್ಲಿ ಪಠಿಸಲಾಗುತ್ತಿತ್ತು. ಒಂದು ಸಂಜೆ ಕೆಲವರು ಇದಕ್ಕೆ ಅಡ್ಡಿಪಡಿಸಿದರು.

ನೆರೆದವರಲ್ಲಿ ಬಹುಪಾಲು ಜನ ಗಾಂಧೀಜಿಯ ಪರವಾಗಿದ್ದರು. ಅಡ್ಡಿ ಮಾಡಿದವರನ್ನು ಹೊರದಬ್ಬುವುದು ಸುಲಭವಿತ್ತು. ಕುರಾನಿನ ಭಾಗವನ್ನು ಕೈಬಿಡುವುದು ಇನ್ನೂ ಸುಲಭ. ಗಾಂಧೀಜಿ ಎರಡನ್ನೂ ಒಪ್ಪದೆ ಅಂದಿನ ಪ್ರಾರ್ಥನೆಯನ್ನೇ ನಿಲ್ಲಿಸಿದರು. ಬಲವಂತದ ಪ್ರಾರ್ಥನೆ ಸಲ್ಲದು. ಹಾಗೆಂದು ಒಂದು ಧರ್ಮದ ವಚನವನ್ನು ಹೊರಗಿಡುವುದೂ ಸಲ್ಲದು ಎಂಬುದು ಅವರ ನಿಲುವು. ಕೆಲವು ದಿನಗಳಲ್ಲಿ ವಿರೋಧ ತಣ್ಣಗಾಗಿ ಪ್ರಾರ್ಥನೆ ಮತ್ತೆ ನಡೆಯಿತು.

ಸ್ವಾತಂತ್ರ್ಯದ ನಂತರ ಈ ಸಭೆಗಳು ಬಿರ್ಲಾ ಭವನದಲ್ಲಿ ನಡೆದವು. 1948ರ ಜನವರಿ 12, ಸೋಮವಾರ, ಗಾಂಧೀಜಿಯ ಮೌನದ ದಿನ. ಶಾಂತಿಗಾಗಿ ಉಪವಾಸ ಕೈಗೊಳ್ಳುವ ನಿರ್ಧಾರ ತಿಳಿಸುವ ಅವರ ಬರಹವನ್ನು ಸಭೆಯಲ್ಲಿ ಬೇರೆಯವರು ಓದಿದರು. 13ರಂದು ಆರಂಭವಾದ ಉಪವಾಸ, ವಿವಿಧ ಸಮುದಾಯಗಳ ಮುಖಂಡರು ಲಿಖಿತ ವಾಗ್ದಾನ ನೀಡಿದ ಮೇಲೆ 18ರಂದು ಮುಗಿಯಿತು. 20ರಂದು ಸಭೆಯ ಬಳಿಯೇ ಬಾಂಬ್ ಸಿಡಿಯಿತು. ಸಿಡಿಸಿದ ಯುವಕನನ್ನು ದ್ವೇಷಿಸಬೇಡಿ ಎಂದು ಮರುದಿನ ಅವರು ಜನರನ್ನು ಕೇಳಿಕೊಂಡರು. 30ರಂದು ಪ್ರಾರ್ಥನೆಗೆ ನಡೆದು ಹೋಗುವಾಗಲೇ ಗುಂಡಿಗೆ ಬಲಿಯಾದರು.

ಭಾಷಣ ಸ್ಪರ್ಧೆಗೆ ಸಿದ್ಧರಾಗುವ ವಿದ್ಯಾರ್ಥಿಗಳೂ ಅವರಿಗೆ ಮಾತು ಕಲಿಸುವ ಪಾಲಕರೂ ಇದನ್ನು ಗಮನಿಸಬೇಕು. ಎದುರಾಡುವವನಿಗೆ ಜಾಗ ಕೊಡುವುದು, ಕೊಟ್ಟೂ ತನ್ನ ನಿಲುವಿನಿಂದ ಕದಲದಿರುವುದು: ಎರಡೂ ಒಬ್ಬನಲ್ಲೇ ಇರಲು ಸಾಧ್ಯವೆಂದು ಆ ಸಂಜೆಗಳು ತೋರಿಸಿದವು.