ಮನೆಯ ಹಿರಿಯರ ಆರೋಗ್ಯ ಕಾರ್ಡು: ಮೋಸದಿಂದ ರಕ್ಷಣೆ ಹೇಗೆ?

ಬೇಸಾಯದ ಕುಟುಂಬಕ್ಕೆ ಮಳೆ ಕೈಕೊಟ್ಟ ವರ್ಷದ ನಷ್ಟ ಒಂದು ಬಗೆಯದಾದರೆ, ಮನೆಯ ಹಿರಿಯರು ಹಾಸಿಗೆ ಹಿಡಿದ ವರ್ಷದ ನಷ್ಟ ಇನ್ನೊಂದು ಬಗೆಯದು. ಬೆಳೆ ಹೋದರೆ ಮುಂದಿನ ಹಂಗಾಮು ಇದ್ದೇ ಇದೆ. ಆದರೆ ಆಸ್ಪತ್ರೆಯ ಖರ್ಚಿಗೆಂದು ಮಾರಿದ ಜೋಡಿ ಎತ್ತುಗಳಾಗಲಿ, ಅಡವಿಟ್ಟ ಜಮೀನಾಗಲಿ ಸುಲಭವಾಗಿ ಕೈಗೆ ಬರುವುದಿಲ್ಲ. ಈ ಭಾರವನ್ನು ತಗ್ಗಿಸುವ ಸಲುವಾಗಿಯೇ ಸರ್ಕಾರದ ಆರೋಗ್ಯ ಯೋಜನೆಗಳು ಜಾರಿಗೆ ಬಂದಿವೆ. ಹಳ್ಳಿಗಳಲ್ಲಿ ಬಹುಪಾಲು ಮನೆಗಳಿಗೆ ಆರೋಗ್ಯ ಕಾರ್ಡು ಬಂದಿದೆ. ಅದರ ಹಿಂದೆಯೇ ಕಾರ್ಡಿನ ಹೆಸರು ಹೇಳಿ ಮೋಸ ಮಾಡುವವರೂ ಬಂದಿದ್ದಾರೆ. ಮನೆಯವರೆಲ್ಲ ಹೊಲಕ್ಕೆ ಹೋದಾಗ ಜಗಲಿಯ ಮೇಲೆ ಒಬ್ಬರೇ ಕುಳಿತಿರುವ ವೃದ್ಧರೇ ಇವರಿಗೆ ಸುಲಭವಾಗಿ ಸಿಕ್ಕುವವರು.

ಕಳೆದ ವರ್ಷ ರಾಗಿ ಕ್ಷೇತ್ರೋತ್ಸವವೊಂದು ಮುಗಿದ ಮೇಲೆ ಸುಮಾರು ಎಪ್ಪತ್ತು ವರ್ಷದ ಅಜ್ಜಿಯೊಬ್ಬರು ನನ್ನ ಬಳಿಗೆ ಬಂದರು. “ಸ್ವಾಮಿ, ನೀವು ಸರ್ಕಾರದೋರಲ್ವಾ? ಆಸ್ಪತ್ರೆ ಕಾರ್ಡು ಹಳೇದಾಯ್ತು, ಹೊಸದು ಮಾಡಿಸ್ಕೊಡ್ತೀವಿ ಅಂತ ಇಬ್ರು ಹುಡುಗ್ರು ಬಂದಿದ್ರು. ಇನ್ನೂರು ರೂಪಾಯಿ ಈಸ್ಕೊಂಡು, ಹಳೇ ಕಾರ್ಡೂ ತಗೊಂಡು, ಮಿಷಿನ್ ಮೇಲೆ ಮೂರು ಸಲ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋದ್ರು. ಕಾರ್ಡು ಯಾವಾಗ ಬತ್ತದೆ?” ಎಂದು ಕೇಳಿದರು.

ನನ್ನ ವಿಷಯ ಬೇಸಾಯಶಾಸ್ತ್ರ. ಆದರೂ ಆ ಪ್ರಶ್ನೆಯನ್ನು ಬಿಟ್ಟು ಬರಲಾಗಲಿಲ್ಲ. ಅವರ ಮೊಮ್ಮಗನನ್ನು ಕರೆಸಿ ಪಾಸ್‌ಬುಕ್ಕಿಗೆ ಹೊಸ ನಮೂದು ಹಾಕಿಸಿ ನೋಡಿದಾಗ, ಕೂಡಿಟ್ಟಿದ್ದ ವೃದ್ಧಾಪ್ಯ ವೇತನ ಅದೇ ದಿನ ಎರಡು ಸಲಕ್ಕೆ ಪೂರ್ತಿ ಹೋಗಿತ್ತು. ಅಜ್ಜಿಗೆ ಹಣಕ್ಕಿಂತ ಕಾರ್ಡಿನದೇ ಚಿಂತೆ. “ಕಾರ್ಡಿಲ್ದೆ ನಮ್ಮ ಯಜಮಾನ್ರಿಗೆ ಎದೆನೋವು ಬಂದ್ರೆ ಯಾರು ನೋಡ್ತಾರೆ?” ಎಂದು ಕಣ್ಣೀರಿಟ್ಟರು. ಮರುದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಆಧಾರ್ ತೋರಿಸಿದೊಡನೆ ಕಾರ್ಡು ಮತ್ತೆ ಸಿಕ್ಕಿತು. ಹಣ ಮಾತ್ರ ಸಿಕ್ಕಲಿಲ್ಲ. ಬ್ಯಾಂಕಿಗೆ ದೂರು ಕೊಡುವ ಹೊತ್ತಿಗೆ ಎರಡು ತಿಂಗಳು ಕಳೆದಿದ್ದವು.

ರೈತ ಬಾಂಧವರು ಮುಖ್ಯವಾಗಿ ತಿಳಿಯಬೇಕಾದುದು ಇಷ್ಟೆ. ಕಳೆದುಹೋದ ಕಾರ್ಡನ್ನು ಮತ್ತೆ ಪಡೆಯಬಹುದು, ಕೊಟ್ಟ ಹೆಬ್ಬೆಟ್ಟನ್ನು ಹಿಂದಕ್ಕೆ ಪಡೆಯಲಾಗದು.

ಯಾವ ಕಾರ್ಡು, ಏನು ಸೌಲಭ್ಯ?

ಒಂದು ಯೋಜನೆಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಿ ಹೇಳುವುದರಿಂದಲೇ ಅರ್ಧ ಮೋಸ ನಡೆಯುತ್ತದೆ. ಆದ್ದರಿಂದ ಮನೆಯಲ್ಲಿರುವ ಕಾರ್ಡು ಯಾವುದೆಂದು ಮೊದಲು ಗುರುತಿಸಬೇಕು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: ಕೇಂದ್ರದ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನಾರೋಗ್ಯ ಯೋಜನೆಯು 2018ರ ಸೆಪ್ಟೆಂಬರ್ 23ರಂದು ಆರಂಭವಾಯಿತು. ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯೊಡನೆ ಅದನ್ನು ಅದೇ ವರ್ಷ ಜೋಡಿಸಲಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಹಣ ಕಟ್ಟದೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡ 30 ಭಾಗವನ್ನು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಈ ಮಿತಿ ಇಡೀ ಕುಟುಂಬಕ್ಕೆ ಸೇರಿದ್ದು ಎಂಬುದನ್ನು ನೆನಪಿನಲ್ಲಿಡಬೇಕು. ಹೊಸ ಹೆಸರಿನ ಕಾರ್ಡುಗಳನ್ನು ರಾಜ್ಯದಲ್ಲಿ 2023ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಲಾಯಿತು. ಹಳೆಯದರ ಬದಲು ಹೊಸ ಕಾರ್ಡು ಬರುವ ಇಂತಹ ಸಂದರ್ಭಗಳೇ ಮೋಸಗಾರರಿಗೆ ಹಂಗಾಮು.

ಯಶಸ್ವಿನಿ: ಇದು ಸಹಕಾರ ಸಂಘಗಳ ಸದಸ್ಯರ ಯೋಜನೆ. 2003ರಲ್ಲಿ ಆರಂಭವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿ, 2022-23ರಲ್ಲಿ ಮರಳಿ ಪ್ರತ್ಯೇಕವಾಗಿ ಜಾರಿಗೆ ಬಂದಿತು. ಇದಕ್ಕೆ ವರ್ಷ ವರ್ಷವೂ ವಂತಿಗೆ ಕಟ್ಟಬೇಕು. ಕಟ್ಟಬೇಕಾದುದು ನಮ್ಮ ಸಹಕಾರ ಸಂಘದಲ್ಲಿಯೇ ಹೊರತು ಮನೆಗೆ ಬಂದವರ ಕೈಯಲ್ಲಲ್ಲ. ರಸೀದಿ ಕೇಳಿ ಪಡೆಯಬೇಕು.

ಇವೆರಡರ ವ್ಯತ್ಯಾಸ ಗಮನಾರ್ಹ. ಯಶಸ್ವಿನಿಗೆ ವಾರ್ಷಿಕ ವಂತಿಗೆ ಇದೆ; ಆಯುಷ್ಮಾನ್ ಕಾರ್ಡಿಗೆ ವರ್ಷ ವರ್ಷದ ವಂತಿಗೆಯಾಗಲಿ ನವೀಕರಣವಾಗಲಿ ಇಲ್ಲ. “ಅವಧಿ ಮುಗಿಯಿತು, ಹಣ ಕಟ್ಟಿ” ಎಂದು ಆಯುಷ್ಮಾನ್ ಕಾರ್ಡಿಗೆ ಯಾರಾದರೂ ಕೇಳಿದರೆ ಅದು ಮೋಸವೆಂದೇ ತಿಳಿಯಬೇಕು.

ಎಪ್ಪತ್ತು ತುಂಬಿದವರ ಕಾರ್ಡು: 70 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರಿಗಾಗಿ, ಆದಾಯದ ಮಿತಿಯಿಲ್ಲದೆ, ಆಯುಷ್ಮಾನ್ ವಯ ವಂದನಾ ಎಂಬ ಕಾರ್ಡನ್ನು ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 29ರಂದು ಪ್ರಕಟಿಸಿತು. ಈ ಯೋಜನೆಗಳನ್ನು ಆಯಾ ರಾಜ್ಯದ ಸಂಸ್ಥೆಯ ಮೂಲಕವೇ ನಡೆಸಲಾಗುತ್ತದೆ. ಆದುದರಿಂದ ಇದರ ಹೆಸರು ಹೇಳಿಕೊಂಡು ಬರುವವರಿಗೆ ಆಧಾರ್ ಕೊಡುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸುವುದು ಕ್ಷೇಮ.

ಹಾನಿಯ ಸ್ವರೂಪ

ಮೋಸವು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಕಂಡುಬರುತ್ತದೆ.

ಒಂದನೆಯದು ಹೆಬ್ಬೆಟ್ಟಿನ ಕಳವು. ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆಯಿಂದ ಹಳ್ಳಿಯಲ್ಲೇ ಹೆಬ್ಬೆಟ್ಟು ಒತ್ತಿ ಹಣ ಪಡೆಯುವ ಏರ್ಪಾಡು ಇದೆ. ಬ್ಯಾಂಕು ದೂರವಿರುವ ಊರುಗಳಲ್ಲಿ ಇದು ಬಹಳ ಉಪಯುಕ್ತ. ಆದರೆ ಈ ಪದ್ಧತಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳ ಗುರುತು ಇವಿಷ್ಟಿದ್ದರೆ ಹಣ ಹೊರಬರುತ್ತದೆ. ಪಾಸ್‌ಬುಕ್ಕಾಗಲಿ ಸಹಿಯಾಗಲಿ ಬೇಕಿಲ್ಲ. “ಬೆರಳು ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಒತ್ತಿ” ಎಂದು ಒತ್ತಿಸಿಕೊಂಡ ಒಂದೊಂದು ಸಲವೂ ಒಂದೊಂದು ಹಣ ಪಾವತಿ ಆಗಿರಬಹುದು. ಮಣ್ಣಿನಲ್ಲಿ ದುಡಿದು ಗೆರೆ ಸವೆದ ಬೆರಳುಗಳಿಗೆ ಹಲವು ಸಲ ಒತ್ತಬೇಕಾಗುವುದು ಸಹಜವಾದ್ದರಿಂದ ಹಿರಿಯರಿಗೆ ಸಂಶಯವೂ ಬರುವುದಿಲ್ಲ. 2023ರಲ್ಲಿ ಮಂಗಳೂರಿನಲ್ಲಿ ಬೆಳಕಿಗೆ ಬಂದ ಪ್ರಕರಣಗಳಲ್ಲಿ ಆಸ್ತಿ ನೋಂದಣಿ ಪತ್ರಗಳ ಮೇಲಿನ ಬೆರಳ ಗುರುತನ್ನೇ ನಕಲು ಮಾಡಿ ಹಣ ತೆಗೆದಿದ್ದರೆಂದು ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಬೆರಳ ಗುರುತಿಗೆ ಎಷ್ಟು ಬೆಲೆಯಿದೆ ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯದು ಕಾರ್ಡಿನ ಮೇಲೆ ಸುಳ್ಳು ಲೆಕ್ಕ. ಪಡೆಯದ ಚಿಕಿತ್ಸೆಯನ್ನು ಪಡೆದಂತೆ ಬರೆದು ಸರ್ಕಾರದಿಂದ ಹಣ ಪಡೆಯುವುದು ಇದರ ರೀತಿ. “ಸರ್ಕಾರದ ದುಡ್ಡು ತಾನೆ, ನಮಗೇನು?” ಎಂದು ಸುಮ್ಮನಿರುವಂತಿಲ್ಲ. ಹಾಗೆ ಬರೆದ ಮೊತ್ತ ನಮ್ಮ ಕುಟುಂಬದ ಮಿತಿಯಿಂದಲೇ ಕಳೆಯುತ್ತದೆ. ನಿಜವಾಗಿ ಕಾಯಿಲೆ ಬಿದ್ದ ದಿನ ಖಾತೆಯಲ್ಲಿ ಹಣ ಉಳಿದಿರುವುದಿಲ್ಲ. ಅಲ್ಲದೆ ಇಲ್ಲದ ರೋಗವೊಂದು ನಮ್ಮ ಹೆಸರಿನ ದಾಖಲೆಯಲ್ಲಿ ಸೇರಿಕೊಳ್ಳುತ್ತದೆ. 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದಿಟ್ಟ ಮಹಾಲೇಖಪಾಲರ ವರದಿಯ ಪ್ರಕಾರ, ದೇಶದಲ್ಲಿ 3,446 ರೋಗಿಗಳು ಮೃತಪಟ್ಟರೆಂದು ದಾಖಲೆಯಲ್ಲಿ ನಮೂದಾದ ಮೇಲೂ ಅವರ ಹೆಸರಿನ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ಸಂಖ್ಯೆ ಇತ್ತು. ಅದೂ ಹತ್ತು ಒಂಬತ್ತುಗಳನ್ನು ಸಾಲಾಗಿ ಬರೆದ ಸಂಖ್ಯೆ. ಮೊಬೈಲ್ ಸಂಖ್ಯೆಯನ್ನು ಫಲಾನುಭವಿಯ ಪರಿಶೀಲನೆಗೆ ಬಳಸುವುದಿಲ್ಲವೆಂದು ಸರ್ಕಾರ ವಿವರಣೆ ನೀಡಿತು. ಆದರೂ “ನೀವು ಈ ಚಿಕಿತ್ಸೆ ಪಡೆದದ್ದು ನಿಜವೇ?” ಎಂದು ಇಲಾಖೆಯವರು ನಮ್ಮನ್ನು ಕೇಳಬೇಕಾದರೆ ಸರಿಯಾದ ಸಂಖ್ಯೆ ಬರೆಸಿರಲೇಬೇಕು.

ಮೂರನೆಯದು ಬೇಡದ ಚಿಕಿತ್ಸೆ. ಇದು ಎಲ್ಲಕ್ಕಿಂತ ಅಪಾಯಕಾರಿ. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಬೋರಿಸಣಾ ಗ್ರಾಮದಲ್ಲಿ 2024ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಯೊಂದು ಉಚಿತ ಆರೋಗ್ಯ ಶಿಬಿರ ನಡೆಸಿ, 19 ಮಂದಿಯನ್ನು ಅಹಮದಾಬಾದಿಗೆ ಕರೆದೊಯ್ದಿತು. ಅವರಲ್ಲಿ ಏಳು ಮಂದಿಯ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಲಾಯಿತು, ಇಬ್ಬರು ತೀರಿಕೊಂಡರು. ಯೋಜನೆಯ ಹಣಕ್ಕಾಗಿ ಅಗತ್ಯವಿಲ್ಲದ ಚಿಕಿತ್ಸೆ ಮಾಡಿದರೆಂಬ ಆರೋಪದ ಮೇಲೆ ಪೊಲೀಸರು ಮೊಕದ್ದಮೆ ಹೂಡಿದರು. ಎಲ್ಲ ಶಿಬಿರಗಳೂ ಹೀಗಲ್ಲ. ಕಣ್ಣಿನ ಪೊರೆಯ ಶಿಬಿರಗಳಿಂದ ಎಷ್ಟೋ ಹಿರಿಯರಿಗೆ ದೃಷ್ಟಿ ಬಂದಿದೆ. ಆದರೆ ಶಿಬಿರದಲ್ಲಿ ಪರೀಕ್ಷೆಯಾದ ದಿನವೇ ವಾಹನ ಹತ್ತಿ, ಮನೆಯವರಿಗೆ ತಿಳಿಸದೆ ಶಸ್ತ್ರಚಿಕಿತ್ಸೆಗೆ ಒಪ್ಪುವುದು ಎಂದಿಗೂ ಸಲ್ಲದು.

ಕಾರ್ಡು ಕಳೆದರೆ ಅಥವಾ ಹಾಳಾದರೆ

“ಕಾರ್ಡಿಲ್ಲದಿದ್ದರೆ ಚಿಕಿತ್ಸೆಯೇ ಇಲ್ಲ” ಎಂಬ ಭಯವೇ ಮೋಸದ ಬೀಜ. ಕಾರ್ಡು ಕೇವಲ ಗುರುತಿನ ಚೀಟಿ; ಹಕ್ಕು ಇರುವುದು ಸರ್ಕಾರದ ದಾಖಲೆಯಲ್ಲಿ. ಮಳೆಗೆ ನೆನೆದರೂ, ಇಲಿ ಕಡಿದರೂ, ಕಳೆದರೂ ಆ ದಾಖಲೆ ಅಳಿಸಿಹೋಗುವುದಿಲ್ಲ. ಆಧಾರ್ ಮತ್ತು ಪಡಿತರ ಚೀಟಿಯೊಡನೆ ಸರ್ಕಾರಿ ಆಸ್ಪತ್ರೆಗೆ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಹೋದರೆ ಕಾರ್ಡನ್ನು ಮತ್ತೆ ಮುದ್ರಿಸಿಕೊಳ್ಳಬಹುದು. ಮೊಬೈಲ್ ಬಳಸಲು ಬಲ್ಲ ಮಕ್ಕಳು ಮೊಮ್ಮಕ್ಕಳು ಸರ್ಕಾರದ ಆಯುಷ್ಮಾನ್ ಆ್ಯಪ್ ಮೂಲಕ ಮನೆಯಲ್ಲೇ ಪಡೆಯಬಹುದು. ಇದಕ್ಕೆ ನೂರಾರು ರೂಪಾಯಿ ಶುಲ್ಕವೆಂಬುದಿಲ್ಲ.

ತುರ್ತು ಸಂದರ್ಭದಲ್ಲಿ ಕಾರ್ಡು ಹುಡುಕುತ್ತ ಹೊತ್ತು ಕಳೆಯಬಾರದು. ರೋಗಿಯನ್ನು ಮೊದಲು ಆಸ್ಪತ್ರೆಗೆ ಸೇರಿಸಿ, ಅಲ್ಲಿಯ ಆರೋಗ್ಯ ಮಿತ್ರರಿಗೆ ಆಧಾರ್ ಮತ್ತು ಪಡಿತರ ಚೀಟಿ ತೋರಿಸಬೇಕು. ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಚಿಕಿತ್ಸೆ ಇಲ್ಲವಾದಲ್ಲಿ ಶಿಫಾರಸು ಪತ್ರ ಪಡೆದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗುವುದು ಕ್ರಮ.

ಮುಂಜಾಗ್ರತಾ ಕ್ರಮಗಳು

ಬೀಜ ಕೊಳ್ಳುವಾಗ ಚೀಲದ ಮೇಲೆ ಪ್ರಮಾಣಿತ ಬೀಜದ ನೀಲಿ ಚೀಟಿ ಇದೆಯೇ ನೋಡಿ, ರಸೀದಿ ಪಡೆದು, ಚೀಲ ಮತ್ತು ಚೀಟಿಗಳನ್ನು ಕೊಯ್ಲಿನವರೆಗೆ ಕಾಪಾಡಿರೆಂದು ನಾವು ಹೇಳುತ್ತಲೇ ಬಂದಿದ್ದೇವೆ. ಅದೇ ಎಚ್ಚರ ಆರೋಗ್ಯ ಕಾರ್ಡಿಗೂ ಬೇಕು.

1. ಕಾರ್ಡು ಮಾಡಿಸುವ, ಬದಲಿಸುವ ಕೆಲಸವನ್ನು ಮನೆ ಬಾಗಿಲಲ್ಲಿ ಅಪರಿಚಿತರಿಂದ ಮಾಡಿಸಬಾರದು. ಆಶಾ ಕಾರ್ಯಕರ್ತೆ ಅಥವಾ ಪಂಚಾಯಿತಿ ಸಿಬ್ಬಂದಿಯಂತಹ ಪರಿಚಿತರು ಜೊತೆಗಿದ್ದರೆ ಮಾತ್ರ ಮುಂದುವರಿಯಬೇಕು.

2. ಹಿರಿಯರು ಹೆಬ್ಬೆಟ್ಟು ಒತ್ತುವಾಗ ಮನೆಯವರೊಬ್ಬರು ಪಕ್ಕದಲ್ಲಿರಬೇಕು. ಯಂತ್ರದ ಪರದೆಯ ಮೇಲೆ ಏನಿದೆ ಎಂದು ಓದಿಸಿ ಕೇಳಬೇಕು. ಹಣದ ಮೊತ್ತ ಕಂಡರೆ ತಕ್ಷಣ ನಿಲ್ಲಿಸಬೇಕು.

3. ಮೊಬೈಲಿಗೆ ಬರುವ ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬಾರದು. ಕೇಳುವವರು ಆಸ್ಪತ್ರೆಯಿಂದ ಎಂದರೂ ಸರಿ, ಬ್ಯಾಂಕಿನಿಂದ ಎಂದರೂ ಸರಿ.

4. ಆಧಾರ್ ಸಂಸ್ಥೆಯ ಅಧಿಕೃತ ಆ್ಯಪ್ ಮೂಲಕ ಬೆರಳ ಗುರುತಿಗೆ ಬೀಗ ಹಾಕಿಸಬಹುದು. ಬೀಗ ಹಾಕಿದಾಗ ನ್ಯಾಯಬೆಲೆ ಅಂಗಡಿಯಲ್ಲಿಯೂ ಹೆಬ್ಬೆಟ್ಟು ಕೆಲಸ ಮಾಡದು. ಪಡಿತರ ತರುವ ದಿನ ತೆರೆದು ಮತ್ತೆ ಹಾಕಬೇಕು. ಈ ತೊಡಕು ಬೇಡವೆನ್ನುವವರು ಹೆಬ್ಬೆಟ್ಟಿನ ಮೂಲಕ ಹಣ ಪಡೆಯುವ ಸೌಲಭ್ಯವನ್ನು ತಮ್ಮ ಖಾತೆಗೆ ನಿಲ್ಲಿಸಿರೆಂದು ಬ್ಯಾಂಕಿಗೆ ಬರೆದುಕೊಟ್ಟು ಕೇಳಬಹುದು.

5. ಖಾಲಿ ಕಾಗದಕ್ಕೆ ಅಥವಾ ಓದಿಸಿ ಕೇಳದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಾರದು. ತುರ್ತಿಲ್ಲದ ಶಸ್ತ್ರಚಿಕಿತ್ಸೆಗೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಅಗೌರವವಲ್ಲ.

6. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕಾರ್ಡನ್ನು ಮರಳಿ ಪಡೆದು, ಚಿಕಿತ್ಸೆಯ ವಿವರವಿರುವ ಬಿಡುಗಡೆ ಪತ್ರವನ್ನೂ ಪಡೆಯಬೇಕು. ಯಾವ ಚಿಕಿತ್ಸೆಗೆ ಎಷ್ಟು ಹಣ ಬರೆದಿದ್ದಾರೆಂದು ಆರೋಗ್ಯ ಮಿತ್ರರನ್ನು ಕೇಳಬೇಕು. ಬಿಪಿಎಲ್ ರೋಗಿಯಿಂದ ಯೋಜನೆಯಡಿಯ ಚಿಕಿತ್ಸೆಗೆ ಹಣ ಕೇಳುವಂತಿಲ್ಲ.

7. ಕಾರ್ಡು, ಆಧಾರ್, ಪಡಿತರ ಚೀಟಿಗಳ ನಕಲುಗಳನ್ನು ಪಹಣಿ ಇಡುವ ಪೆಟ್ಟಿಗೆಯಲ್ಲಿಯೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಕು. ಪಾಸ್‌ಬುಕ್ಕಿಗೆ ತಿಂಗಳಿಗೊಮ್ಮೆ ನಮೂದು ಹಾಕಿಸಬೇಕು.

ಮೋಸ ನಡೆದಾಗ

ಕೀಟ ಕಂಡ ಮೊದಲ ದಿನವೇ ಹತೋಟಿಗೆ ತೊಡಗಿದಂತೆ ಇಲ್ಲಿಯೂ ತಡಮಾಡಬಾರದು. ಖಾತೆಯಿಂದ ಹಣ ಹೋದುದು ತಿಳಿದೊಡನೆ 1930 ಸಂಖ್ಯೆಗೆ ಕರೆ ಮಾಡಿ, ಅದೇ ದಿನ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯು ಮೂರನೆಯವರ ಮೋಸದಿಂದಾದ ನಷ್ಟದಲ್ಲಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ನಿರ್ದೋಷಿ ಗ್ರಾಹಕರಿಗೆ ಪೂರ್ಣ ರಕ್ಷಣೆ ನೀಡಿತು. ತಡವಾದಷ್ಟೂ ಹಕ್ಕು ಸಡಿಲವಾಗುತ್ತದೆ. ಕಾರ್ಡಿನ ದುರುಪಯೋಗ, ಆಸ್ಪತ್ರೆಯಲ್ಲಿ ಹಣದ ಬೇಡಿಕೆ ಇವುಗಳ ಬಗ್ಗೆ 14555 ಅಥವಾ ರಾಜ್ಯದ ಆರೋಗ್ಯ ಸಹಾಯವಾಣಿ 104ಕ್ಕೆ ತಿಳಿಸಬಹುದು. ಆಧಾರ್ ಕುರಿತು 1947, ಹಿರಿಯ ನಾಗರಿಕರ ನೆರವಿಗೆ 14567 ಇವೆ. ಈ ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಯ ಪಂಚಾಂಗದ ಪಕ್ಕದಲ್ಲಿ ಅಂಟಿಸುವುದು ಒಳ್ಳೆಯದು.

ಕೊನೆಯದಾಗಿ ಮನೆಯ ಕಿರಿಯರಿಗೆ ಒಂದು ಮಾತು. ಮೋಸ ಹೋದ ಹಿರಿಯರು ಬಹಳ ಸಲ ಅದನ್ನು ಹೇಳಿಕೊಳ್ಳುವುದಿಲ್ಲ. “ಬುದ್ಧಿ ಇಲ್ವಾ ನಿಂಗೆ?” ಎಂದು ಮಗ ಗದರಿಯಾನೆಂಬ ಅಂಜಿಕೆ. ಆ ಅಜ್ಜಿಯೂ ಎರಡು ತಿಂಗಳು ಸುಮ್ಮನಿದ್ದುದು ಈ ಕಾರಣಕ್ಕೇ. ಅಂದೇ ಹೇಳಿದ್ದರೆ ದೂರು ಸಕಾಲಕ್ಕೆ ಬ್ಯಾಂಕು ಮುಟ್ಟುತ್ತಿತ್ತು. ಆದ್ದರಿಂದ ಸಂಜೆ ಹೊಲದಿಂದ ಬಂದಾಗ “ಇವತ್ತು ಯಾರಾದರೂ ಬಂದಿದ್ದರಾ ಅವ್ವ, ಏನಾದರೂ ಕೇಳಿದರಾ?” ಎಂದು ಸಮಾಧಾನದಿಂದ ವಿಚಾರಿಸುವ ರೂಢಿ ಇಟ್ಟುಕೊಳ್ಳಬೇಕು. ಖರ್ಚಿಲ್ಲದ ಈ ಒಂದು ಕ್ರಮವನ್ನು ಪ್ರತಿ ರೈತ ಕುಟುಂಬವೂ ಇಂದಿನಿಂದಲೇ ಅನುಸರಿಸಿದಲ್ಲಿ, ಹಿರಿಯರ ಹಣವೂ ಅವರ ಆರೋಗ್ಯದ ಹಕ್ಕೂ ಸುರಕ್ಷಿತವಾಗಿ ಉಳಿಯುವುದರಲ್ಲಿ ಸಂದೇಹವಿಲ್ಲ.